ಮೂರನೇ ಮೇಜಿನ ಕೌದಿ

ಕಳೆದ ಮಳೆಗಾಲದಲ್ಲಿ ನಾವೊಂದು ಸುದ್ದಿ ಕಳಿಸಿದ್ದೆವು. ಎರಡು ಕಾಲಂ, ಒಂದು ಫೋಟೊ. ಜಿಲ್ಲೆಯ ಒಂದು ಸಣ್ಣ ಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಗಳ ವಿಂಗಡಣೆ ನಡೆದಿದೆ, ಅಪರೂಪದ ಸೀರೆಗಳಿಗೆ ಮರುಜೀವ ಬರಲಿದೆ ಎಂಬ ಧಾಟಿಯ ಸುದ್ದಿ. ಡೆಸ್ಕಿನವರು ಒಂದಕ್ಷರ ಕತ್ತರಿಸದೆ ಹಾಕಿದರು. ನಮಗೆ ಖುಷಿಯಾಗಿತ್ತು. ಆ ಸುದ್ದಿಯಲ್ಲಿ ಬರೆಯದೇ ಬಿಟ್ಟದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇವೆ. ಸಂಗ್ರಹಾಲಯದ ಹೆಸರು ಹೇಳುವುದಿಲ್ಲ. ಅಲ್ಲಿರುವವರು ಕೆಟ್ಟವರಲ್ಲ, ಮತ್ತು ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಅಲ್ಲಿ ಮೂರು ಮೇಜು ಹಾಕಿದ್ದರು. ಮೊದಲನೆಯದು ಇಟ್ಟುಕೊಳ್ಳುವ ಬಟ್ಟೆಗಳದ್ದು. ಎರಡನೆಯದು 'ನೋಡೋಣ' ಎನ್ನುವ ಬಟ್ಟೆಗಳದ್ದು. ಮೂರನೆಯದಕ್ಕೆ ಹೆಸರಿರಲಿಲ್ಲ, ಆದರೆ ಅದರ ಪಕ್ಕದಲ್ಲಿ ಗೋಣಿಚೀಲ ಇಟ್ಟಿದ್ದರು. ಮೊದಲ ಮೇಜಿನ ಮೇಲೆ ಜರಿ ದಡಿಯ ರೇಷ್ಮೆ ಸೀರೆಗಳು, ಕಸೂತಿ ಹಾಕಿದ ಒಂದು ಕಪ್ಪು ಸೀರೆ, ಯಾರದೋ ವಾಡೆಯಿಂದ ಬಂದ ಪಗಡಿ. ಮೂರನೆಯದರ ಮೇಲೆ ತೇಪೆ ಹಾಕಿದ ಕುಬಸಗಳು, ಮಾಸಿದ ಹತ್ತಿ ಸೀರೆಗಳು, ಮಕ್ಕಳ ಕುಂಚಿಗೆ, ಒಂದು ಸಹಕಾರ ಸಂಘದ ಹಳೆಯ ನಮೂನೆ ಪುಸ್ತಕ (ಅರ್ಧ ಗೆದ್ದಲು ತಿಂದದ್ದು) ಮತ್ತು ಒಂದು ಕೌದಿ.

ಆ ಕೌದಿಯನ್ನು ಅಲ್ಲಿಗೆ ಬೈಕಿನ ಮೇಲೆ ಒಯ್ದು ಕೊಟ್ಟವರು ನಾವೇ. ಸುದ್ದಿ ಬರೆಯುವವರು ಒಬ್ಬರು, ಫೋಟೊ ತೆಗೆಯುವವರು ಇನ್ನೊಬ್ಬರು, ನಡುವೆ ಕೌದಿಯ ಗಂಟು. ಹೊಳೆದಂಡೆಯ ಒಂದು ಊರಿನ ಆಯಿ ಅದನ್ನು ಕೊಡಲು ಮೊದಲು ಒಪ್ಪಿರಲಿಲ್ಲ. "ಹರಕ್ ಕೌದಿ ತಗೊಂಡು ಏನ್ ಮಾಡ್ತೀರೊ ತಮ್ಮಾ" ಎಂದು ನಕ್ಕಿದ್ದರು. ಇಂಥದ್ದೂ ಉಳಿಯಬೇಕು, ಮುಂದಿನವರು ನೋಡಬೇಕು ಎಂದು ನಾವೇ ಭಾಷಣ ಮಾಡಿದೆವು. ಕೊಡುವಾಗ ಆಯಿ ಒಂದು ಮಾತು ಹೇಳಿದರು: "ಇದರಾಗ ನಮ್ಮತ್ತಿ ಮದಿವಿ ಸೀರಿ ಐತಿ, ನಡುವಿನ ಪದರಿನ್ಯಾಗ. ಕಾಣಂಗಿಲ್ಲ. ಆದ್ರ ಐತಿ."

ಮೂರನೇ ಮೇಜಿನ ಮೇಲೆ ಅದನ್ನು ಕಂಡಾಗ ನಾವು ಏನೂ ಕೇಳಲಿಲ್ಲ. ಫೋಟೊಗೆ ಮೊದಲ ಮೇಜು ಚೆನ್ನಾಗಿ ಬರುತ್ತಿತ್ತು.

ವಿಂಗಡಿಸುತ್ತಿದ್ದವರ ವಾದವನ್ನೂ ಹೇಳಬೇಕು, ಅದರಲ್ಲಿ ಹುರುಳಿಲ್ಲದೇ ಇಲ್ಲ. ಎರಡು ಕಪಾಟು, ಒಬ್ಬ ಸಹಾಯಕ, ಸೋರುವ ಒಂದು ಮೂಲೆ. "ಒಂದು ಕೌದಿ ಇಟ್ರ ಹತ್ತು ಸೀರಿ ಜಾಗ ತಿಂತೈತ್ರೀ. ಕೌದಿ ಯಾರ ಮನ್ಯಾಗಿಲ್ಲ ಹೇಳ್ರಿ?" ಎಂದರು ಅಲ್ಲಿಯ ಮೇಲ್ವಿಚಾರಕರು. ಬಟ್ಟೆ ಕಲ್ಲಲ್ಲ. ವೀರಗಲ್ಲನ್ನು ಅಂಗಳದಲ್ಲಿ ನಿಲ್ಲಿಸಿದರೆ ನೂರು ವರ್ಷ ನಿಂತೀತು. ಬಟ್ಟೆಗೆ ಬೆಳಕು ಬಿದ್ದರೆ ಬಣ್ಣ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ದೊಡ್ಡ ಸಂಗ್ರಹಾಲಯಗಳಲ್ಲಿ ಬಟ್ಟೆ ಇಟ್ಟ ಕೋಣೆಯ ಬೆಳಕು ಸಾಮಾನ್ಯವಾಗಿ 50 ಲಕ್ಸ್ ದಾಟದಂತೆ ನೋಡಿಕೊಳ್ಳುತ್ತಾರೆ. ನಮ್ಮ ಕಣ್ಣಿಗೆ ಅದು ಕತ್ತಲೆಯೇ. ಮಡಿಸಿಟ್ಟರೆ ಮಡಿಕೆಯಲ್ಲೇ ಸೀಳುತ್ತದೆ, ಜರಿಯಿದ್ದರೆ ಇನ್ನೂ ಬೇಗ. ಅದಕ್ಕೇ ಸೀರೆಯನ್ನು ಕೊಳವೆಗೆ ಸುತ್ತಿಡಬೇಕು, ಇಲ್ಲವೇ ಮಡಿಕೆ ಬದಲಿಸುತ್ತಿರಬೇಕು. ಮನೆಯಲ್ಲಿ ಅಜ್ಜಿಯರು ಟ್ರಂಕು ತೆಗೆದು ಸೀರೆಗಳನ್ನು ಬೇರೆ ಕಡೆಯಿಂದ ಮಡಿಸಿ, ಬಜೆ ಬೇರು, ಬೇವಿನೆಲೆ ಹಾಕಿಡುತ್ತಿದ್ದುದು ಇದನ್ನು ಬಲ್ಲವರಾಗಿಯೇ. ಕಬ್ಬಿಣದ ನೀರು ಮತ್ತು ಅಳಲೆಕಾಯಿಯಿಂದ ಮಾಡಿದ ಕಪ್ಪು ಬಣ್ಣವಂತೂ ಕಾಲಕ್ರಮದಲ್ಲಿ ನೂಲನ್ನೇ ತಿನ್ನುತ್ತದೆ. ಇಂಥ ವಸ್ತುವನ್ನು ಬಂದಷ್ಟೂ ಇಟ್ಟುಕೊಳ್ಳಿ ಎಂದು ಯಾರೂ ಹೇಳಲಾರರು. ಆಯಬೇಕಾದದ್ದು ನಿಜ. ಹೇಗೆ ಆಯಬೇಕು ಎಂಬಲ್ಲಿ ನಮ್ಮ ತಕರಾರು.

ಅಂದು ನಾವು ಕಂಡ ಆಯ್ಕೆಗೆ ಒಂದೇ ಅಳತೆಗೋಲಿತ್ತು: ಚೆಂದ, ಬೆಲೆ, ಹರಿಯದಿರುವುದು. ಈ ಅಳತೆಗೋಲಿನ ತೊಂದರೆ ಏನೆಂದರೆ, ಹೆಚ್ಚು ಉಟ್ಟ ಬಟ್ಟೆ ಮೊದಲು ಹರಿಯುತ್ತದೆ. ಹರಿಯದೆ ಉಳಿದದ್ದು ಉಡದೆ ಇಟ್ಟದ್ದು. ಮದುವೆಯ ಸೀರೆ ಉಳಿಯುತ್ತದೆ. ಕಳೆ ಕೀಳುವಾಗ, ಒಲೆಯ ಮುಂದೆ, ಸಂತೆಯಲ್ಲಿ ಉಟ್ಟದ್ದು ಉಳಿಯುವುದಿಲ್ಲ. ಹೀಗೆ ನೂರು ವರ್ಷ ಆಯುತ್ತ ಹೋದರೆ ಮುಂದಿನವರು ನಮ್ಮ ಜಿಲ್ಲೆಯ ಹೆಂಗಸರು ದಿನಾ ರೇಷ್ಮೆ ಉಟ್ಟು ಓಡಾಡುತ್ತಿದ್ದರು ಎಂದುಕೊಂಡಾರು. ಮಗ್ಗದವರ ಮನೆಯವರೇ ತಾವು ನೇಯ್ದ ರೇಷ್ಮೆ ಸೀರೆ ಉಟ್ಟವರಲ್ಲ. ಇದು ಇಳಕಲ್ಲಿನಲ್ಲಿ ಯಾವ ಮಗ್ಗದ ಮುಂದೆ ಕೂತು ಕೇಳಿದರೂ ತಿಳಿಯುವ ಸಂಗತಿ.

ಹರಕು ಬಟ್ಟೆಯ ಬೆಲೆ ಏನೆಂಬುದಕ್ಕೆ ಈಜಿಪ್ಟಿನ ಒಂದು ತಿಪ್ಪೆಯ ಉದಾಹರಣೆ ಕೊಡುತ್ತೇವೆ. ಹಳೆಯ ಕೈರೋ, ಅಂದರೆ ಫುಸ್ತಾತ್ ಎಂಬ ಊರಿನ ಕಸದ ರಾಶಿಗಳಲ್ಲಿ ಹತ್ತಿ ಬಟ್ಟೆಯ ತುಂಡುಗಳು ಸಿಕ್ಕವು. ಅಚ್ಚು ಒತ್ತಿ, ನೀಲಿ ಮತ್ತು ಕೆಂಪು ಬಣ್ಣ ಕಟ್ಟಿದ ಸಾಮಾನ್ಯರ ಬಟ್ಟೆ. ಅವು ಗುಜರಾತಿನ ಕಡೆಯಿಂದ ಹಡಗಿನಲ್ಲಿ ಹೋದವು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿರುವ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿ ಇಂಥ ಸುಮಾರು 1,200 ತುಂಡುಗಳಿವೆ. ನೂರಾರು ವರ್ಷಗಳ ಹಿಂದೆ ಭಾರತದ ಹತ್ತಿ ಬಟ್ಟೆ ಅರಬ್ಬೀ ಸಮುದ್ರ ದಾಟಿ ಯಾರ ಮೈಮೇಲೆ ಹೋಗುತ್ತಿತ್ತು ಎಂದು ತಿಳಿಯಲು ವಿದ್ವಾಂಸರು ಇಂದು ಆಶ್ರಯಿಸುವುದು ಈ ಚಿಂದಿಗಳನ್ನು. ಅಲ್ಲಿಯ ಒಣ ಮಣ್ಣು ಕಾಪಾಡಿತು. ನಮ್ಮ ಮಳೆ, ಗೆದ್ದಲು ಆ ಕಾಲದ ಬಟ್ಟೆಯನ್ನು ಇಲ್ಲಿ ಉಳಿಸಿಲ್ಲ. ಅಂದು ಫುಸ್ತಾತಿನಲ್ಲಿ ಯಾರಾದರೂ ಮೂರು ಮೇಜು ಹಾಕಿ ಆಯ್ದಿದ್ದರೆ ಆ ತುಂಡುಗಳು ಯಾವ ಮೇಜಿಗೆ ಹೋಗುತ್ತಿದ್ದವು?

ಇನ್ನೊಂದು ಕತೆ ಲಂಡನ್ನಿನದು. ಓದಿದಾಗ ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಅಲ್ಲಿಯ ಫೌಂಡ್ಲಿಂಗ್ ಆಸ್ಪತ್ರೆ ಸಾಕಲಾಗದ ತಾಯಂದಿರು ಬಿಟ್ಟುಹೋದ ಕೂಸುಗಳನ್ನು ಸಾಕುತ್ತಿತ್ತು. 1741ರಿಂದ 1760ರವರೆಗೆ ಕೂಸನ್ನು ಬರಮಾಡಿಕೊಳ್ಳುವಾಗ ಅನೇಕ ಸಲ ಒಂದು ತುಂಡು ಬಟ್ಟೆಯನ್ನು ದಾಖಲೆ ಹಾಳೆಗೆ ಚುಚ್ಚಿಡುತ್ತಿದ್ದರು. ತಾಯಿ ಎಂದಾದರೂ ಮರಳಿ ಬಂದರೆ ಕೂಸಿನ ಗುರುತು ಹಿಡಿಯಲು. ಸುಮಾರು 5,000 ತುಂಡುಗಳು ಹಾಗೇ ಉಳಿದಿವೆ. ಹದಿನೆಂಟನೇ ಶತಮಾನದ ಬ್ರಿಟನ್ನಿನ ಬಡವರು ಏನು ಉಡುತ್ತಿದ್ದರು ಎಂಬುದಕ್ಕೆ ಇಷ್ಟು ದೊಡ್ಡ ಸಂಗ್ರಹ ಬೇರೊಂದಿಲ್ಲ. ಅದನ್ನು ಯಾರೂ ಬಟ್ಟೆಯ ಸಂಗ್ರಹ ಎಂದು ಮಾಡಲಿಲ್ಲ. ಆಸ್ಪತ್ರೆಯ ಕಾಗದಪತ್ರ ಎಂದು ಇಟ್ಟರು, ಬಟ್ಟೆ ಜೊತೆಗೆ ಉಳಿಯಿತು. ಕಾಗದ ಒಂದು ಕಡೆ, ಬಟ್ಟೆ ಇನ್ನೊಂದು ಕಡೆ ಎಂದು ಬೇರ್ಪಡಿಸಿದ್ದರೆ ಎರಡೂ ಕಸ.

ನಮ್ಮ ಆಯಿಯ ಕೌದಿಗೂ ಒಂದು ಕಾಗದ ಬೇಕಿತ್ತು. ನಡುವಿನ ಪದರಿನಲ್ಲಿ ಏನಿದೆ ಎಂದು ಅವರು ಹೇಳಿದ ಮಾತನ್ನು ಬರೆದು ಪಿನ್ನು ಚುಚ್ಚಿಕೊಟ್ಟಿದ್ದರೆ ಅದು ಮೂರನೇ ಮೇಜಿಗೆ ಹೋಗುವ ಮೊದಲು ಯಾರಾದರೂ ಓದುತ್ತಿದ್ದರೇನೋ. ಬರೆಯುವುದೇ ಕಸುಬಾದ ನಾವು ಅದೊಂದನ್ನು ಬರೆಯಲಿಲ್ಲ.

ಕೌದಿ ಯಾರ ಮನೆಯಲ್ಲಿಲ್ಲ ಎಂಬ ಮಾತಿಗೆ ಬರೋಣ. ನಮ್ಮ ಕಡೆ ಸೀರೆಗೆ ಒಂದು ಆಯುಷ್ಯದ ಕ್ರಮವಿದೆ. ಹೊಸದಿದ್ದಾಗ ಜಾತ್ರೆಗೆ, ಆಮೇಲೆ ಮನೆಗೆ, ಆಮೇಲೆ ಹೊಲಕ್ಕೆ. ಅದೂ ಮುಗಿದ ಮೇಲೆ ಕೌದಿಗೆ. ಗಟ್ಟಿಯಾಗಿ ಉಳಿದ ಭಾಗ ಮೇಲಿನ ಪದರು, ಜೀರ್ಣವಾದದ್ದು ಒಳಗೆ. ಉಳಿದ ಚಿಂದಿ ಕೈವಸ್ತ್ರ, ಒರಸುಬಟ್ಟೆ, ಕೊನೆಗೆ ದೀಪದ ಬತ್ತಿ. ಅಂದರೆ ಯಾವುದನ್ನು ಇಡಬೇಕು, ಎಲ್ಲಿ ಇಡಬೇಕು ಎಂಬ ವಿಂಗಡಣೆಯನ್ನು ಹೆಂಗಸರು ಕಾಲಕಾಲದಿಂದ ಮಾಡುತ್ತ ಬಂದಿದ್ದಾರೆ, ಮೇಜು ಹಾಕದೆ. ಒಂದು ಹಳೆಯ ಕೌದಿಯಲ್ಲಿ ಒಂದು ಮನೆಯ ಮೂರು ತಲೆಮಾರಿನ ಸೀರೆ ಇರಬಹುದು. ಈಗ ಯಾರೂ ನೇಯದ ದಡಿಗಳು ಅಲ್ಲಿ ಪಟ್ಟಿಪಟ್ಟಿಯಾಗಿ ಕೂತಿರುತ್ತವೆ. ಚಿಕ್ಕಿ ಪರಾಸ, ಗೋಮಿ, ಗಾಡಿ ದಡಿಗಳ ಹೆಸರು ಎಲ್ಲರಿಗೂ ಗೊತ್ತು, ಆದರೆ ಹಿಂದೆ ಅವುಗಳ ಅಗಲ ಎಷ್ಟಿತ್ತು, ನೂಲು ಎಷ್ಟು ದಪ್ಪವಿತ್ತು ಎಂದು ತಿಳಿಯಬೇಕಾದರೆ ಹತ್ತಿಯ ಹಳೆಯ ಸೀರೆ ಬೇಕು. ಹತ್ತಿಯ ಹಳೆಯ ಸೀರೆ ಇರುವುದು ಕೌದಿಯಲ್ಲಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ನಾಲ್ಕು ಮೂಲೆಯಲ್ಲಿ ಹೂವಿನಂಥ ಮಡಿಕೆ ಇಡುತ್ತಾರೆ, ಅದಿಲ್ಲದೆ ಕವಂದಿ ಮುಗಿದಂತಲ್ಲ. ಕವಂದಿಗಳು ಈಗ ಹೊರದೇಶದ ಸಂಗ್ರಹಾಲಯಗಳ ಗೋಡೆಯನ್ನೂ ಕಂಡಿವೆ. ನಮ್ಮ ಬಯಲುಸೀಮೆಯ ಕೌದಿಗೆ ಅಂಥ ಯೋಗ ಬಂದಿಲ್ಲ. ಬರಬೇಕೆಂದು ನಮ್ಮ ಆಸೆಯೂ ಅಲ್ಲ, ಕನಿಷ್ಠ ಗೋಣಿಚೀಲದ ಪಕ್ಕ ಇರದಿದ್ದರೆ ಸಾಕು.

ಮೊದಲ ಮೇಜಿನಲ್ಲೂ ಎಲ್ಲ ಸರಿಯಿತ್ತೆಂದಲ್ಲ. ಅಲ್ಲಿದ್ದ ಒಂದು ಕಸೂತಿ ತುಂಡನ್ನು ಹಲಗೆಗೆ ಅಂಟಿನಿಂದ ಅಂಟಿಸಿ ಚೌಕಟ್ಟು ಹಾಕಿದ್ದರು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯ ಹೆಚ್ಚುಗಾರಿಕೆಯೇ ಗಂಟು ಹಾಕದೆ ಎರಡೂ ಬದಿಯಲ್ಲಿ ಒಂದೇ ಥರ ಕಾಣುವಂತೆ ಹೊಲಿಯುವುದು. ಅದರ ಹಿಂಬದಿಯನ್ನು ಫೆವಿಕಾಲ್ ಹಾಕಿ ಮುಚ್ಚಿದರೆ ಉಳಿದದ್ದು ಗೋಡೆಗೆ ತೂಗುಹಾಕುವ ಚಿತ್ರ ಮಾತ್ರ. ಹಾಗೆಯೇ ಒಂದು ಇಳಕಲ್ ಸೀರೆಯಿಂದ 'ನಮೂನೆ' ಎಂದು ನಡುವಿನ ಒಡಲನ್ನು ಕತ್ತರಿಸಿ ಇಟ್ಟಿದ್ದರು. ಇಳಕಲ್ಲಿನ ಜೀವ ಇರುವುದು ಒಡಲು ಮತ್ತು ಟೋಪತೆನಿ ಸೆರಗು ಸೇರುವ ಜಾಗದಲ್ಲಿ. ಒಡಲಿನ ಹಾಸುನೂಲನ್ನು ಸೆರಗಿನ ಹಾಸುನೂಲಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವ ಕೆಲಸ ಅದು. ಒಂದು ಗೇಣು ಉಳಿಸುವುದಿದ್ದರೆ ಆ ಗೇಣನ್ನೇ ಉಳಿಸಬೇಕಿತ್ತು. ಆಯುವಾಗ ಒಬ್ಬ ನೇಕಾರರನ್ನು ಕರೆದಿದ್ದರೆ ಕತ್ತರಿ ಎಲ್ಲಿ ಹಾಕಬಾರದೆಂದು ಹೇಳುತ್ತಿದ್ದರು. ಜಿಲ್ಲೆಯಲ್ಲಿ ನೇಕಾರರಿಗೇನು ಬರವೇ? ಆದರೆ ವಿಂಗಡಣೆ ಸಮಿತಿಯಲ್ಲಿ ಮಗ್ಗ ಮುಟ್ಟಿದ ಒಬ್ಬರೂ ಇರಲಿಲ್ಲ. ಸೀರೆ ಉಟ್ಟವರೂ ಇರಲಿಲ್ಲ, ಎಲ್ಲರೂ ಪ್ಯಾಂಟಿನವರೇ. ನಮ್ಮನ್ನೂ ಸೇರಿಸಿ.

ಕತ್ತರಿಸಿ ಇಡುವುದೇ ತಪ್ಪೆಂದೂ ಹೇಳಲಾಗದು. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬಾತ ಭಾರತದ ಬಟ್ಟೆಗಳ 700 ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಹೊರತಂದ. ಅಂಥ 20 ಪ್ರತಿ ಮಾಡಿಸಿದ. 13 ಬ್ರಿಟನ್ನಿಗೆ, 7 ಭಾರತಕ್ಕೆ. ಉದ್ದೇಶ ಸ್ಪಷ್ಟವಿತ್ತು: ಭಾರತದವರು ಉಡುವುದೇನೆಂದು ನೋಡಿ ಅಲ್ಲಿಯ ಗಿರಣಿಯವರು ಅದನ್ನೇ ನೇಯ್ದು ಇಲ್ಲಿ ಮಾರಬೇಕು. ನಮ್ಮ ಮಗ್ಗಗಳಿಗೆ ಅದರಿಂದ ಒಳ್ಳೆಯದಾಗಲಿಲ್ಲ. ಆದರೂ ಆ ಸಂಪುಟಗಳನ್ನು ಇಂದು ಎಲ್ಲರೂ ಹುಡುಕಿಕೊಂಡು ಹೋಗುತ್ತಾರೆ. ಏಕೆಂದರೆ ಆತ ಇಟ್ಟದ್ದು ಅರಸರ ಪೀತಾಂಬರಗಳನ್ನಷ್ಟೇ ಅಲ್ಲ. ಜನ ನಿಜಕ್ಕೂ ಉಡುತ್ತಿದ್ದ ಪಂಚೆ, ರುಮಾಲು, ಸೀರೆ, ಒರಟು ಹತ್ತಿ ಎಲ್ಲವನ್ನೂ ಇಟ್ಟ. ಜೊತೆಗೆ ಉದ್ದ, ಅಗಲ, ತೂಕ, ಸಿಕ್ಕ ಊರು, ಕೊಟ್ಟ ಬೆಲೆ ಬರೆದ. ವ್ಯಾಪಾರದ ಹೊಟ್ಟೆಕಿಚ್ಚು ಮಾಡಿದ ಕೆಲಸವನ್ನು ಅಭಿಮಾನ ಮಾಡಲಿಲ್ಲ ಎಂಬುದು ನಮಗೆ ಕಸಿವಿಸಿ ತರುತ್ತದೆ. ನಮ್ಮ ಸಂಗ್ರಹಾಲಯದ ಚೀಟಿಗಳಲ್ಲಿ 'ಇಳಕಲ್ ಸೀರೆ, 20ನೇ ಶತಮಾನ' ಎಂದಷ್ಟೇ ಇತ್ತು. ಒಂದು ಲಂಗದ ಮೇಲೆ 'ಲಂಬಾಣಿ ಉಡುಪು'. ಫೇಟಿಯಾ ಎಂಬ ಹೆಸರೂ ಇಲ್ಲ. ಯಾವ ತಾಂಡಾ, ಯಾರು ಹೊಲಿದದ್ದು, ಯಾರ ಮೈಮೇಲಿದ್ದದ್ದು? ಹಂಪಿಯ ಅಂಗಡಿಗಳಲ್ಲಿ ಲಂಬಾಣಿ ಹೆಂಗಸರ ಹಳೆಯ ಬಟ್ಟೆ ಕತ್ತರಿಸಿ ಮಾಡಿದ ಚೀಲ ಮಾರುತ್ತಾರೆ. ಅಲ್ಲಿಯೂ ಹೆಸರಿಲ್ಲ, ಇಲ್ಲಿಯೂ ಇಲ್ಲ.

ಮೂರನೇ ಮೇಜಿನ ಮೇಲಿದ್ದ ಸಂಘದ ನಮೂನೆ ಪುಸ್ತಕದ ಬಗ್ಗೆ ಎರಡು ಮಾತು. ಅದರಲ್ಲಿ ಬಟ್ಟೆಯ ತುಂಡು, ಪಕ್ಕದಲ್ಲಿ ಬಣ್ಣದ ಹೆಸರು, ನೂಲಿನ ನಂಬರು, ಕೂಲಿ ಬರೆದಿತ್ತು. ನಮ್ಮ ಕೈಯಲ್ಲಿ ಒಂದೈದು ನಿಮಿಷ ಇತ್ತು. ಕೂಲಿಯ ಕಾಲಂ ಇರುವ ಬಟ್ಟೆಯ ದಾಖಲೆ ನಾವು ಕಂಡದ್ದು ಅದೊಂದೇ. ಮೊದಲ ಮೇಜಿನ ಹತ್ತು ರೇಷ್ಮೆ ಸೀರೆಗಳಿಗೆ ಬದಲಾಗಿ ಆ ಒಂದು ಪುಸ್ತಕವನ್ನು ಆಯ್ದುಕೊಳ್ಳಿ ಎಂದು ನಾವು ಇಂದು ಧೈರ್ಯವಾಗಿ ಹೇಳುತ್ತೇವೆ. ಅಂದು ಹೇಳಲಿಲ್ಲ. ಪುಸ್ತಕ ಈಗ ಇಲ್ಲ.

ಹಾಗಾದರೆ ನೀವಾಗಿದ್ದರೆ ಏನು ಬಿಡುತ್ತಿದ್ದಿರಿ ಎಂದು ಮೇಲ್ವಿಚಾರಕರು ಕೇಳಬಹುದು. ಮೊದಲು ಬಿಡುವುದು ಸನ್ಮಾನದ ಶಾಲುಗಳನ್ನು. ಆ ಎರಡು ಕಪಾಟಿನಲ್ಲಿ ಒಂದರ ಕೆಳಗಿನ ಎರಡು ಅರೆಗಳಲ್ಲಿ ಗಣ್ಯರು ದಾನ ಮಾಡಿದ ಶಾಲು, ಮೈಸೂರು ಪೇಟ, ಜರಿ ಅಂಚಿನ ಉತ್ತರೀಯ ತುಂಬಿದ್ದವು. ಅವನ್ನು ಬೇಡವೆನ್ನುವ ಧೈರ್ಯ ಯಾರಿಗೂ ಇಲ್ಲ. ಪತ್ರಕರ್ತರ ದಿನಾಚರಣೆಯಲ್ಲಿ ನಮಗೆ ಹೊದಿಸಿದ ಶಾಲುಗಳೂ ಮನೆಯಲ್ಲಿವೆ, ಯಾವ ಕೆಲಸಕ್ಕೂ ಬಾರದವು. ಕೌದಿಗೆ ಹಾಕಿದರೂ ಸೂಜಿ ಇಳಿಯುವುದಿಲ್ಲ. ಒಂದು ಇಟ್ಟುಕೊಳ್ಳಲಿ, ನಮ್ಮ ಕಾಲದ ಗುರುತಿಗೆ. ಉಳಿದವು ಯಾವ ಮೇಜಿಗಾದರೂ ಹೋಗಲಿ. ಒಂದೇ ಥರದ ಹತ್ತು ಹೊಸ ರೇಷ್ಮೆ ಸೀರೆ ಬೇಡ, ಎರಡು ಸಾಕು. ದೇಶದ ದೊಡ್ಡ ಸಂಗ್ರಹಾಲಯಗಳು ಅಂಥವನ್ನು ನಮಗಿಂತ ಚೆನ್ನಾಗಿ ಇಟ್ಟಿವೆ. ಅಹಮದಾಬಾದಿನಲ್ಲಿ 1949ರಿಂದ ಇರುವ ಕ್ಯಾಲಿಕೊ ಮ್ಯೂಸಿಯಂನಲ್ಲಿ ದರಬಾರಿನ ಬಟ್ಟೆಗಳ ಸಂಗ್ರಹವೇ ಇದೆ. ಅದರ ಜೊತೆ ನಮ್ಮ ಜಿಲ್ಲೆಯ ಎರಡು ಕಪಾಟು ಪೈಪೋಟಿಗೆ ಇಳಿಯುವುದರಲ್ಲಿ ಅರ್ಥವಿಲ್ಲ. ಅಲ್ಲಿ ಸಿಗದೇ ಇರುವುದನ್ನು ನಾವು ಇಡಬೇಕು.

ಉದಾಹರಣೆಗೆ ನೈಟಿ. ನಗಬೇಡಿ. ಕಳೆದ ಹತ್ತಾರು ವರ್ಷಗಳಲ್ಲಿ ನಮ್ಮ ಹಳ್ಳಿಯ ಹೆಂಗಸರ ಉಡುಗೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಆಗಿಲ್ಲ. ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡರೆ ನಲ್ಲಿಗೆ, ಕಿರಾಣಿ ಅಂಗಡಿಗೆ, ಶಾಲೆಯ ಗೇಟಿಗೆ ಹೋಗಿಬರುತ್ತಾರೆ. ಅದನ್ನು ಬೈದು ಭಾಷಣ ಮಾಡಿದವರಿದ್ದಾರೆ, ಎತ್ತಿಟ್ಟವರಿಲ್ಲ. ಹಾಗೆಯೇ ನರೇಗಾ ಕೆಲಸಕ್ಕೆ, ಕಬ್ಬು ಕಡಿಯಲು ಹೋಗುವ ಹೆಂಗಸರು ಸೀರೆಯ ಮೇಲೆ ತೊಡುವ ಗಂಡಸರ ತುಂಬುತೋಳಿನ ಅಂಗಿ. ಗಂಡನದೋ ಮಗನದೋ ಹಳೆಯದು; ಬಿಸಿಲಿಗೆ, ಕಬ್ಬಿನ ಗರಿಗೆ ಅದೇ ರಕ್ಷೆ. ಒಂದು ಅಂಗಿಯನ್ನು, ತೊಟ್ಟವರ ಹೆಸರು, ಹೊಲ, ಅಂದಿನ ಕೂಲಿಯ ಸಮೇತ ಇಟ್ಟರೆ ಅದಕ್ಕಿಂತ ಒಳ್ಳೆಯ ವಸ್ತು ಯಾವ ಕಪಾಟಿಗೂ ಸಿಗಲಿಕ್ಕಿಲ್ಲ. ಪವರ್‌ಲೂಮಿನಲ್ಲಿ ಪಾಲಿಯೆಸ್ಟರಿನಿಂದ ಮಾಡಿದ 'ಇಳಕಲ್' ಸೀರೆಯನ್ನೂ ಒಂದು ಇಡಬೇಕು, ಬಿಲ್ಲಿನ ಸಮೇತ, ಕೈಮಗ್ಗದ ಸೀರೆಯ ಪಕ್ಕದಲ್ಲೇ. ನೇಕಾರರಿಗೆ ಇದು ರುಚಿಸದಿರಬಹುದು. ಆದರೆ ಅವರ ಮಗ್ಗ ನಿಂತದ್ದು ಹೇಗೆಂದು ಕೇಳುವವರಿಗೆ ಆ ಎರಡು ಸೀರೆ, ಎರಡು ಬಿಲ್ಲು ತೋರಿಸಿದರೆ ಸಾಕು.

ಇಂಥ ಜೋಡಿ ಇನ್ನೊಂದಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಎಲ್ಲರಿಗೂ ಗೊತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅನುಮತಿ ಸಿಕ್ಕಿತು. ಹರಿದ ಧ್ವಜವನ್ನು ಖಾಸಗಿಯಾಗಿ, ಗೌರವದಿಂದ, ಸುಟ್ಟು ಮುಗಿಸಬೇಕೆಂಬುದು ಸಂಹಿತೆಯ ಸಲಹೆ. ಅಂದರೆ ಹಳೆಯದು ತಾನಾಗಿ ಉಳಿಯುವ ದಾರಿಯೇ ಇಲ್ಲ. ಹಾರಿಸದ ಒಂದು ಗಜ ಧ್ವಜದ ಖಾದಿಯನ್ನಾದರೂ ಯಾರಾದರೂ ಎತ್ತಿಡಬೇಕು.

"ನೈಟಿ ನೋಡಲು ಯಾರು ಬರ್ತಾರ್ರೀ?" ಬರಲಿಕ್ಕಿಲ್ಲ. ಇಂದು ಬಾರದವರಿಗೆ ಟಿಕೆಟ್ ಮಾರುವುದು ಒಂದು ಕೆಲಸ, ನಾಳೆ ಬರುವವರಿಗೆ ಇಡುವುದು ಇನ್ನೊಂದು. ತೋರಿಸುವ ಗಾಜಿನ ಪೆಟ್ಟಿಗೆಯಲ್ಲಿ ಜರಿ ಸೀರೆಯೇ ಇರಲಿ, ನಮ್ಮ ತಕರಾರಿಲ್ಲ. ಒಳಗಿನ ಕಪಾಟನ್ನೂ ಗಾಜಿನ ಪೆಟ್ಟಿಗೆಯ ಲೆಕ್ಕದಲ್ಲಿ ತುಂಬಬೇಡಿ ಎನ್ನುತ್ತಿದ್ದೇವೆ.

ಇದನ್ನೆಲ್ಲ ಈಗಲೇ ಹೇಳಲು ಒಂದು ಕಾರಣವಿದೆ. ನಮ್ಮದು ಮುಳುಗಡೆ ಜಿಲ್ಲೆ. ಹಳೆಯ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋಗಿ ನವನಗರ ಎದ್ದದ್ದನ್ನು ನಮ್ಮ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಆಗ ಮನೆ ಬಿಟ್ಟವರು ಬಾಗಿಲು, ತೊಲೆ ಕಿತ್ತುಕೊಂಡು ಹೋದರು. ಗುಂಡಿ ಮಗ್ಗವನ್ನು ಕೀಳಬಹುದು, ಗುಂಡಿಯನ್ನು ಒಯ್ಯಲಾಗದು. ಇನ್ನು ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವುದು ಬಾಕಿಯಿದೆ. 2010ರಲ್ಲಿ ನ್ಯಾಯಮಂಡಳಿ ಒಪ್ಪಿದ ಎತ್ತರ ಅದು. ಅದು ಏರಿದ ದಿನ ಹೊಳೆದಂಡೆಯ ಇನ್ನಷ್ಟು ಊರುಗಳು ಏಳಬೇಕು. ಪರಿಹಾರದ ಅಳತೆಗೆ ಬರುವವರು ಗೋಡೆ, ಬಾವಿ, ಗಿಡಮರ ಬರೆದುಕೊಳ್ಳುತ್ತಾರೆ. ಟ್ರಂಕಿನೊಳಗಿನದನ್ನು ಬರೆದುಕೊಳ್ಳುವ ಕಾಲಂ ಯಾವ ಫಾರ್ಮಿನಲ್ಲೂ ಇಲ್ಲ. ಮನೆ ಖಾಲಿ ಮಾಡುವ ವಾರದಲ್ಲಿ ಟ್ರಂಕುಗಳು ತೆರೆಯುತ್ತವೆ, ಗುಜರಿಯವರ ಗಾಡಿ ಓಣಿಗೆ ಬರುತ್ತದೆ, ಸ್ಟೀಲ್ ಪಾತ್ರೆಗೆ ಹಳೆ ಸೀರೆ ಬದಲಾಯಿಸುವವರು ಬರುತ್ತಾರೆ. ಜರಿ ಸುಟ್ಟು ಬೆಳ್ಳಿ ತೆಗೆಯುವವರೂ ಬರುತ್ತಾರೆ. ಸಂಗ್ರಹಾಲಯದವರು ಬರುವುದಿದ್ದರೆ ಇವರೆಲ್ಲರಿಗಿಂತ ಮೊದಲು ಬರಬೇಕು. ಬಂದರೂ ಮೂರು ಮೇಜಿನ ಅಳತೆಗೋಲನ್ನೇ ತಂದರೆ ಬಂದು ಪ್ರಯೋಜನವಿಲ್ಲ.

ಎಲ್ಲವನ್ನೂ ಹೊತ್ತು ತರಬೇಕಾಗಿಲ್ಲ. ಬಟ್ಟೆಯನ್ನು ಮನೆಯವರ ಬಳಿಯೇ ಬಿಟ್ಟು ಫೋಟೊ, ಅಳತೆ, ಒಂದು ಗೇಣಿನಲ್ಲಿ ಎಷ್ಟು ಎಳೆ ಎಂಬ ಲೆಕ್ಕ, ಉಟ್ಟವರ ಮಾತು ಇಷ್ಟನ್ನು ತರಬಹುದು. ಮೊಬೈಲ್ ಇರುವ ಇಬ್ಬರು ಹುಡುಗಿಯರು, ಒಬ್ಬ ನಿವೃತ್ತ ನೇಕಾರರು, ಒಂದು ನೋಟ್‌ಬುಕ್ ಇದ್ದರೆ ಒಂದು ಊರು ಒಂದು ವಾರದ ಕೆಲಸ. ಈ ಬ್ಲಾಗಿನ ಗೆಳೆಯರು ತಮ್ಮ ತಮ್ಮ ಊರಿನಲ್ಲಿ ಮಾಡುವುದಾದರೆ ನಾವು ನಮ್ಮ ಹೊಳೆದಂಡೆಯ ಮೂರು ಊರು ಹಿಡಿಯುತ್ತೇವೆ.

ಇನ್ನು ಬಿಡುವುದರ ಬಗ್ಗೆ. ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ ಐಕಾಮ್‌ನ ನೀತಿಸಂಹಿತೆ ಇದೆ. ಏನನ್ನು ಇಟ್ಟುಕೊಳ್ಳುತ್ತೇವೆ ಎಂಬುದನ್ನು ಬರೆದು ಪ್ರಕಟಿಸಿ, ಏನನ್ನಾದರೂ ತೆಗೆದುಹಾಕುವುದಿದ್ದರೆ ಅದರ ಮಹತ್ವ, ಕಾನೂನಿನ ಸ್ಥಿತಿ, ಜನರ ವಿಶ್ವಾಸಕ್ಕೆ ಆಗುವ ಧಕ್ಕೆ ಎಲ್ಲ ನೋಡಿ ತೀರ್ಮಾನಿಸಿ, ತೀರ್ಮಾನವನ್ನು ದಾಖಲಿಸಿ, ಮೊದಲು ಇನ್ನೊಂದು ಸಂಗ್ರಹಾಲಯಕ್ಕೆ ಕೊಡಲು ನೋಡಿ ಎನ್ನುತ್ತದೆ ಅದು. ನಮ್ಮ ಜಿಲ್ಲೆಯ ಎರಡು ಕಪಾಟಿಗೆ ಇದು ದೊಡ್ಡ ಮಾತಾಯಿತು ಎನ್ನುವವರಿಗೆ ಒಂದು ಸಣ್ಣ ಮಾತು ಹೇಳುತ್ತೇವೆ: ಕೊಟ್ಟವರಿಗೆ ಒಂದು ಫೋನ್ ಮಾಡಿ. ನಿಮ್ಮದು ನಮಗೆ ಇಡಲಾಗುತ್ತಿಲ್ಲ, ಬಂದು ಒಯ್ಯುತ್ತೀರಾ ಎಂದು ಕೇಳಿ. ಮೂರನೇ ಮೇಜಿನ ಒಂದೇ ಒಂದು ವಸ್ತುವಿಗೂ ಆ ಫೋನ್ ಹೋಗಿರಲಿಲ್ಲ.

ಎರಡು ತಿಂಗಳ ಮೇಲೆ ಆಯಿಯ ಮೊಮ್ಮಗ ಫೋನ್ ಮಾಡಿದ. "ಆಯಿ ಕೇಳಾಕತ್ತಾಳ್ರಿ, ಕೌದಿ ಎಲ್ಲಿಟ್ಟಾರ, ನೋಡಾಕ ಬರಬಹುದೇನು ಅಂತ." ನಾವು ಏನೋ ಒಂದು ಹೇಳಿ ಫೋನ್ ಇಟ್ಟು ಅಂದೇ ಮಧ್ಯಾಹ್ನ ಹೋದೆವು. ನಮೂನೆ ಪುಸ್ತಕ, ಕುಬಸಗಳು, ಕುಂಚಿಗೆ ಹೋಗಿದ್ದವು. ಎಲ್ಲಿಗೆ ಎಂದು ಯಾರೂ ಬರೆದಿಟ್ಟಿರಲಿಲ್ಲ. ಕೌದಿ ಮಾತ್ರ ಇತ್ತು. ರಾತ್ರಿ ಕಾವಲಿನವರು ಅದನ್ನು ಬೆಂಚಿನ ಮೇಲೆ ಹಾಸಿಕೊಂಡು ಮಲಗುತ್ತಿದ್ದರು. ಗೋಣಿಚೀಲಕ್ಕೆ ತುಂಬುವಾಗ ಅವರೇ ಎತ್ತಿಟ್ಟುಕೊಂಡದ್ದಂತೆ. "ಛಲೋ ಐತ್ರಿ, ಥಂಡಿಗೆ. ಒಗಿಯಾಕ ಮನಸ್ಸಾಗಲಿಲ್ಲ" ಎಂದರು. ಇಡೀ ಕಟ್ಟಡದಲ್ಲಿ ಅದರ ಬೆಲೆ ತಿಳಿದವರು ಅವರೊಬ್ಬರೇ. ಕೇಳಿದಾಗ ತಕರಾರು ಮಾಡದೆ ಕೊಟ್ಟರು. ನಾವು ಒಂದು ಹೊಸ ಹಾಸಿಗೆ ಹೊದಿಕೆ ತಂದುಕೊಟ್ಟೆವು.

ಮತ್ತೆ ಅದೇ ಬೈಕು, ಅದೇ ಗಂಟು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದ್ದೆವು, ಕೊನೆಗೆ ಆದದ್ದನ್ನೇ ಹೇಳಿದೆವು. ಆಯಿ ಸಿಟ್ಟಾಗಲಿಲ್ಲ. ಕೌದಿಯನ್ನು ಕಟ್ಟೆಯ ಮೇಲೆ ಹರವಿ, ಒಂದು ಮೂಲೆ ಹಿಡಿದು ನಡುವಿನ ಪದರನ್ನು ಬೆರಳಿನಿಂದ ಒತ್ತಿ ನೋಡಿದರು. ಇನ್ನೊಂದು ಮೂಲೆಯಲ್ಲಿ ಸಂಗ್ರಹಾಲಯದವರು ಮೊದಲ ದಿನ ಹೊಲಿದಿದ್ದ ಬಿಳಿ ಬಟ್ಟೆಯ ನಂಬರು ಪಟ್ಟಿ ಹಾಗೇ ಇತ್ತು. ಬಿಚ್ಚಿಕೊಡಲೇ ಎಂದು ನಾವು ಕೇಳಿದೆವು.

"ಇರಲಿ ಬಿಡು ತಮ್ಮಾ" ಎಂದರು. "ಅದೂ ಅರಿವಿನ ಅಲ್ಲೇನು."